ಕಂಪ್ಲಿಯ ಪಾಳಿ ಕಲಿತ ಮಂತ್ರಿ

ಮೊನ್ನೆ ಕಂಪ್ಲಿಗೆ ಹೋಗಿದ್ದೆ. ಊರ ಹೊರಗೆ ಬಸ್ಸು ನಿಧಾನವಾದಾಗ ಆಲೆಮನೆಯ ಕಡೆಯಿಂದ ಕುದಿಯುವ ಬೆಲ್ಲದ ವಾಸನೆ ಬಂತು. ಇಳಿಯಬೇಕಾದ ಜಾಗ ದಾಟಿದ್ದು ಗೊತ್ತೇ ಆಗಲಿಲ್ಲ. ಹಾಗೆ ಮೈಮರೆಯುವವನಲ್ಲ ನಾನು. ಆದರೆ ಆ ವಾಸನೆಯ ಜೊತೆಗೆ ನಮ್ಮ ಪ್ರೊಫೆಸರರೂ ನೆನಪಿಗೆ ಬಂದುಬಿಟ್ಟರು...

ಅವರು ಆಫ್ರಿಕಾದವರು. ಹಂಪಿಯ ಅರಸರು ಕಟ್ಟಿಸಿದ, ಇವತ್ತಿಗೂ ಹರಿಯುವ ಕಾಲುವೆಗಳ ಬಗ್ಗೆ ಪುಸ್ತಕ ಬರೆಯಲು ಹೊಸಪೇಟೆಗೆ ಬಂದು, ನಮ್ಮ ಮಹಡಿಯ ಕೋಣೆಯಲ್ಲಿ ಎರಡು ವರ್ಷ ಬಾಡಿಗೆಗಿದ್ದರು. ಈ ಕಡೆಯ ಕನ್ನಡವನ್ನೂ ಆಗಲೇ ಕಲಿತರು. ಆಗಿನ್ನೂ ತಮ್ಮ ದೇಶದ ವಿಶ್ವವಿದ್ಯಾಲಯದಲ್ಲಿ ಕಿರಿಯ ಅಧ್ಯಾಪಕರು. ನಾನು ಹೈಸ್ಕೂಲಿನ ಹೆಡ್‌ಮಾಸ್ತರ, ಹೆಂಡತಿ ತೀರಿಕೊಂಡ ಹೊಸತು. ಮಠದ ವಿದ್ಯಾರ್ಥಿನಿಲಯದಲ್ಲಿ ಗಂಟೆಯ ಲೆಕ್ಕದಲ್ಲಿ ಬೆಳೆದವನಾದ್ದರಿಂದ ಯಾರಿಗಾಗಿಯೂ ಊಟ ತಡಮಾಡುತ್ತಿರಲಿಲ್ಲ. ಮೊದಲ ವಾರ ಅವರು ತಣ್ಣಗಿನ ಸಾರು ಉಂಡರು. ಎರಡನೆಯ ವಾರ ನನಗಿಂತ ಮೊದಲೇ ಮಣೆ ಹಾಕಿಕೊಂಡು ಕುಳಿತಿದ್ದರು.

ರಜೆಯ ದಿನ ಇಬ್ಬರೂ ಕಂಪ್ಲಿಯ ಕಾಲುವೆಗೆ ಹೋಗುತ್ತಿದ್ದೆವು. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿನ ರೈತರು ಸರದಿಯ ಮೇಲೆ ಹೊಲಕ್ಕೆ ನೀರು ಬಿಟ್ಟುಕೊಳ್ಳುತ್ತಾರೆ. ಅದಕ್ಕೆ ಪಾಳಿ ಎನ್ನುತ್ತಾರೆ. ಒಂದು ದಿನ ಒಬ್ಬ ಅಜ್ಜಿಯ ಪಾಳಿಯಲ್ಲಿ ಊರ ಗೌಡರ ಆಳು ಬಂದು ನೀರು ತಿರುಗಿಸತೊಡಗಿದ. ಅಜ್ಜಿ ಸಲಿಕೆ ಹಿಡಿದು ಕಾಲುವೆಗೇ ಇಳಿದಳು.

“ಗೌಡ್ರ ಕಬ್ಬು ಒಣಗಾಕತ್ತೈತಿ, ಸ್ವಲ್ಪ ಸರಿಯಬೇ,” ಎಂದ ಅವನು.

“ನನ್ನ ಬತ್ತ ಏನು ಈಜಾಡಾಕತ್ತೈತೇನಲೇ? ಗೌಡ್ಕಿ ಊರಾಗ. ಕಾಲಿವ್ಯಾಗ ಪಾಳಿ. ಕುಂದ್ರಾಕ ಹೇಳು ನಿಮ್ಮ ಗೌಡ್ರಿಗೆ!”

ಅವನು ಗೊಣಗುತ್ತ ಹೋದ. ಅಜ್ಜಿ ಪ್ರೊಫೆಸರರತ್ತ ತಿರುಗಿದಳು. “ನೀ ಏನ್ ಮಿಕಮಿಕ ನೋಡ್ತೀಯೋ ಯಪ್ಪಾ? ಬಾ, ಬೆಲ್ಲ ತಿನ್ನು.” ಸೆರಗಿನ ಗಂಟಿನಲ್ಲಿ ಆಲೆಮನೆಯ ಬಿಸಿ ಬೆಲ್ಲವಿತ್ತು. ಹೊಸಪೇಟೆ ಮುಟ್ಟುವವರೆಗೂ ಅವರು “ಗೌಡ್ಕಿ ಊರಾಗ” ಎಂದು ಹೇಳಿಕೊಂಡು ನಗುತ್ತಲೇ ಇದ್ದರು.

ದೇಶಕ್ಕೆ ಮರಳಿ ಪುಸ್ತಕ ಮುಗಿಸಿದರು, ಪ್ರೊಫೆಸರರಾದರು. ನಾಲ್ಕು ಜನ ಒತ್ತಾಯಿಸಿದರೆಂದು ಚುನಾವಣೆಗೆ ನಿಂತು ಗೆದ್ದರು. ಮುಂದೆ ನೀರಾವರಿ ಮಂತ್ರಿಯಾದರು. ಅಧ್ಯಕ್ಷರ ನಂತರ ಇವರದೇ ಮಾತು ಎನ್ನುವಷ್ಟು ಬೆಳೆದರು. ಭಾನುವಾರ ಸಂಜೆಯ ಫೋನು ಮಾತ್ರ ತಪ್ಪಲಿಲ್ಲ. “ಇಲ್ಲಿ ನನ್ನ ಕಂಡ್ರ ಎಲ್ಲಾರೂ ಎದ್ದು ನಿಲ್ತಾರ್ರಿ ಸರ್. ಬೈಯೋರು ಒಬ್ರೂ ಇಲ್ಲ,” ಎನ್ನುತ್ತಿದ್ದರು. ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲವೆಂದು ನಾನು ನಾಲ್ಕು ಮಾತು ಬೈದರೆ ಅವರಿಗೆ ಸಮಾಧಾನ. ನನಗೂ ಬೈಯಲು ಮನೆಯಲ್ಲಿ ಬೇರೆ ಯಾರಿದ್ದರು...

ಒಂದು ಭಾನುವಾರ ಅವರ ದನಿ ಭಾರವಾಗಿತ್ತು. ಅಲ್ಲಿನ ನದಿಯ ಮೇಲ್ಭಾಗದ ದೊಡ್ಡ ತೋಟಗಳೆಲ್ಲ ಅಧ್ಯಕ್ಷರ ಮನೆಯವರವು. ಅವರೂ ಸರದಿಯಲ್ಲೇ ನೀರು ಪಡೆಯಬೇಕೆಂಬ ಆದೇಶ ಪ್ರೊಫೆಸರರ ಮೇಜಿನ ಮೇಲಿತ್ತು.

“ಸಹಿ ಮಾಡಿದ್ರ ಕುರ್ಚಿ ಹೊಕ್ಕೈತ್ರಿ ಸರ್.”

“ಮಾಡದಿದ್ರ?”

“ಆ ಅಜ್ಜಿಗೆ ಹೆಂಗ ಮುಖ ತೋರ್ಸಲಿ?” ಎಂದರು.

ಸಹಿ ಮಾಡಿದರು. ಕುರ್ಚಿ ಹೋಯಿತು. ಹೊಸ ಮಂತ್ರಿ ಆದೇಶವನ್ನೂ ತೆಗೆದುಹಾಕಿದ. “ಒಂದು ಬ್ಯಾಸಿಗಿಯರ ಕೆಳಗಿನ ಹೊಲಕ್ಕ ನೀರು ಹೋತಲ್ಲ, ಸಾಕ್ರಿ,” ಎಂದರು ಪ್ರೊಫೆಸರರು. ಎದ್ದು ನಿಲ್ಲುತ್ತಿದ್ದವರು ಯಾರೂ ಮನೆಯತ್ತ ಸುಳಿಯುತ್ತಿಲ್ಲವೆಂಬುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಫೋನುಗಳು ಚಿಕ್ಕವಾದವು. ಕಾಯಿಲೆ ಎಂದರು... ಆಮೇಲೆ ಫೋನು ನಿಂತಿತು.

ಕಳೆದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅವರ ಮಗಳು ಸುದ್ದಿ ತಿಳಿಸಿದಳು. ನಾನು ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡೆ. ಒದ್ದೆ ಪಂಚೆಯಲ್ಲಿ ಹಿತ್ತಲಿಗೆ ಬಂದಾಗ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ನೋಡಿದಳು.

“ಏನ್ರೀ ಸರ್, ಈ ಹೊತ್ತಿನ್ಯಾಗ ಸ್ನಾನ?”

“ನಮ್ಮವರೊಬ್ಬರು ಹೋದ್ರಮ್ಮ.”

“ಅಯ್ಯ... ನಿಮಗ ಏನಾಗಬೇಕ್ರಿ?”

ಮಹಡಿಯಲ್ಲಿ ಬಾಡಿಗೆಗಿದ್ದವರು ಎನ್ನಬಹುದಿತ್ತು. ದೂರ ದೇಶದ ಮಂತ್ರಿ ಎನ್ನಬಹುದಿತ್ತು. ಎರಡೂ ಬಾಯಿಗೆ ಬರಲಿಲ್ಲ. ಒಳಗೆ ಬಂದು ಕುಳಿತೆ. ಸಂಜೆ ಆಕೆ ಮತ್ತೇನೂ ಕೇಳದೆ, ಒಲೆ ಹಚ್ಚದ ಸಾವಿನ ಮನೆಗೆ ತರುವಂತೆ, ಅನ್ನ ಸಾರು ತಂದಿಟ್ಟು ಹೋದಳು.

ಈಗಲೂ ನನ್ನ ದಿನದ ಪ್ರತಿ ಹೊತ್ತಿಗೂ ಒಂದು ಕೆಲಸವಿದೆ. ಭಾನುವಾರದ ಸಂಜೆಗೆ ಮಾತ್ರ ಇನ್ನೂ ಏನನ್ನೂ ಹಚ್ಚಿಕೊಂಡಿಲ್ಲ.