ಪೂಜೆಯ ಬಾಳೆ

ಭದ್ರಾವತಿಯ ಎರಕದ ಕಾರ್ಖಾನೆಗೆ ಬೀಗ ಬಿದ್ದಾಗ ಮೂರ್ತಪ್ಪನಿಗೆ ಕುಲುಮೆಯ ಬೆಂಕಿ ಕಾಯುವುದರ ಹೊರತು ಬೇರೆ ವಿದ್ಯೆ ಗೊತ್ತಿರಲಿಲ್ಲ. ಮುಚ್ಚಿದ ಕಾರ್ಖಾನೆಯನ್ನೇ ಕಾಯಲು ಅವನನ್ನೂ ಅವನ ಗೆಳೆಯ ಮಾರಪ್ಪನನ್ನೂ ಇಟ್ಟುಕೊಂಡರು. ಆಮೇಲೆ ಕಾವಲಿಗೆ ಸೋಲಾರ್ ಟ್ರೈಲರ್ ಬಂತು. ಎರಡು ಚಕ್ರದ ಗಾಡಿ. ಮೇಲೆ ಬಿಸಿಲು ಹೀರುವ ಪ್ಯಾನೆಲ್ಲು, ಹೊಟ್ಟೆಯಲ್ಲಿ ಬ್ಯಾಟರಿ, ಕಂಬದ ತುದಿಗೆ ದೀಪ ಮತ್ತು ಕ್ಯಾಮೆರಾ. ಅದು ಕಂಡದ್ದೆಲ್ಲ ಶಿವಮೊಗ್ಗದ ಆಲ್ಕೊಳದ ಆಫೀಸಿನಲ್ಲಿ ಕಾಣುತ್ತಿತ್ತು. ಮಾರಪ್ಪನನ್ನು ಮನೆಗೆ ಕಳಿಸಿದರು. ಗಾಡಿಯ ಚಾಕರಿಗೆ ಮೂರ್ತಪ್ಪ ಉಳಿದ.

ಪ್ಯಾನೆಲ್ಲು ಒರೆಸಬೇಕು, ಮೋಡ ಕವಿದರೆ ದೀಪ ಆರಿಸಿ, ಉಳಿದ ಕರೆಂಟನ್ನು ಕ್ಯಾಮೆರಾಕ್ಕೆ ಬಿಡಬೇಕು. ಮಳೆಗಾಲದಲ್ಲಿ ಒಮ್ಮೆ ದೀಪ ಆರಿಸಲು ಮರೆತು ಬ್ಯಾಟರಿ ಬರಿದಾಗಿತ್ತು. ಇನ್ನೊಮ್ಮೆ ಕ್ಯಾಮೆರಾ ನಿಂತರೆ ಕೆಲಸವಿಲ್ಲ ಎಂದು ಆಫೀಸಿನವರು ಆಗಲೇ ಹೇಳಿಬಿಟ್ಟಿದ್ದರು.

ನವರಾತ್ರಿಯ ವಾರವೆಲ್ಲ ಮೋಡ. ಬ್ಯಾಟರಿ ಇಳಿಯುತ್ತಲೇ ಇತ್ತು. ಆಯುಧಪೂಜೆಯ ಬೆಳಿಗ್ಗೆ ಬಿಸಿಲು ಕಂಡು ಮೂರ್ತಪ್ಪನಿಗೆ ಹೋದ ಜೀವ ಬಂದಂತಾಯಿತು. ಮಾರಪ್ಪನನ್ನು ಕರೆಸಿದ. ಇಬ್ಬರೂ ಸೇರಿ ಗಾಡಿ ತೊಳೆದು, ಪ್ಯಾನೆಲ್ಲಿಗೆ ವಿಭೂತಿ ಬಳಿದು, ಚೆಂಡುಹೂವಿನ ಸರ ಇಳಿಬಿಟ್ಟು, ಎರಡು ಕಡೆಯೂ ಆಳೆತ್ತರದ ಬಾಳೆಕಂದು ಕಟ್ಟಿದರು. ಗಾಡಿಯನ್ನು ನೆರಳಲ್ಲಿ ನಿಲ್ಲಿಸಬಾರದೆಂದು ಮೂರ್ತಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಪೂಜೆಯ ಬಾಳೆಯನ್ನು ಅವನು ನೆರಳೆಂದು ಎಣಿಸಿರಲಿಲ್ಲ.

ಮಧ್ಯಾಹ್ನ ಆಫೀಸಿನ ಸುಪ್ರಿಯಾ ಫೋನ್ ಮಾಡಿದಳು.

“ಇಷ್ಟು ಬಿಸಿಲಿದೆ, ಬ್ಯಾಟರಿ ಏರ್ತಾನೇ ಇಲ್ವಲ್ಲ ಮೂರ್ತಪ್ಪನೋರೇ? ಒಂದು ಫೋಟೋ ಕಳ್ಸಿ.”

ಸಂಭ್ರಮದಿಂದಲೇ ಕಳಿಸಿದ.

“ಗಾಡೀಗೆ ಮದುವೆ ಮಾಡ್ತಿದೀರಾ? ಅರ್ಧ ಪ್ಯಾನೆಲ್ ಮುಚ್ಚಿಹೋಗಿದೆ. ಮೊದ್ಲು ಎಲ್ಲಾ ಕಿತ್ತಾಕಿ.”

“ನಾಳೆ ವಿಜಯದಶಮಿ ಕಳೀಲಿ ಮೇಡಂ. ಕೂತ ಪೂಜೆ ಕದಲಿಸಬಾರ್ದು.”

“ಕ್ಯಾಮೆರಾ ನಿಂತ್ರೆ ನನ್ ಕೈಲಿ ಏನೂ ಇಲ್ಲ. ಆಮೇಲೆ ಹೇಳ್ಲಿಲ್ಲ ಅನ್ಬೇಡಿ.”

“ಕೀಳೋ ಮಾರಾಯ,” ಎಂದ ಮಾರಪ್ಪ. “ದೇವರೇನು ಲೆಕ್ಕ ಕೇಳೋಕೆ ಬರಲ್ಲ.”

ಮೂರ್ತಪ್ಪನ ಕೈ ಬಾಳೆಯವರೆಗೆ ಹೋಗಿ ನಿಂತಿತು. “ಕಾರ್ಖಾನೆ ನಡೀತಿದ್ದಾಗ ಒಂದ್ ವರ್ಷ ಸಾಹೇಬ್ರು ಅರ್ಧ ದಿನಕ್ಕೇ ಆಯುಧಪೂಜೆ ತೆಗೆಸಿದ್ರು. ಆ ವರ್ಷವೇ ಫರ್ನೆಸ್ ಆರ್ತು. ನೀನೂ ಇದ್ದಲ್ಲ.”

“ಆರಿದ್ದು ಆರ್ಡರ್ ಇಲ್ದೆ ಕಣೋ.”

ಮೂರ್ತಪ್ಪ ಒಪ್ಪಲಿಲ್ಲ. ಸಂಜೆ ದೀಪ ಹಾಕದಿದ್ದರೆ ಕ್ಯಾಮೆರಾಕ್ಕೆ ಸಾಲುತ್ತದೆಂದುಕೊಂಡ. ಹೊತ್ತು ಮುಳುಗುವ ಮೊದಲೇ ಕ್ಯಾಮೆರಾ ನಿಂತಿತು.

ಏನೂ ಕಳುವಾಗಲಿಲ್ಲ. ಅದರಿಂದ ಏನೂ ಬದಲಾಗಲೂ ಇಲ್ಲ. ದಶಮಿಯ ಮರುದಿನ ಇಬ್ಬರೂ ಪೂಜೆ ತೆಗೆಯುತ್ತಿದ್ದಾಗ ಫೋನ್ ಬಂತು. ಇನ್ನೊಂದು ಬ್ಯಾಟರಿ ಕೂರಿಸುತ್ತಾರಂತೆ. ಪ್ಯಾನೆಲ್ಲು ಒರೆಸಲು ಶಿವಮೊಗ್ಗದಿಂದಲೇ ಜನ ಬರುತ್ತಾರಂತೆ. ಮೂರ್ತಪ್ಪ ಇನ್ನು ಬರಬೇಕಾಗಿಲ್ಲ.

ಮಾರಪ್ಪ ಬಾಳೆಗೆ ಕಟ್ಟಿದ ಹಗ್ಗದೊಡನೆ ಗುದ್ದಾಡುತ್ತಿದ್ದ. “ನಾನೇ ಹಾಕಿದ ಗಂಟು, ಬಿಚ್ಚೋಕಾಗ್ತಿಲ್ಲ.”

“ನಿನ್ ಕೆಲಸ ಯಾವತ್ತೂ ಗಟ್ಟಿ ಬಿಡು. ಆದ್ರೂ ಮೊದ್ಲು ನಿನ್ನನ್ನೇ ಮನೆಗೆ ಕಳ್ಸಿದ್ರು.”

ಮಾರಪ್ಪ ನಗಲಿಲ್ಲ. ಕುಡುಗೋಲಿನಿಂದ ಹಗ್ಗ ಕೊಯ್ದ. ಬಾಡಿದ ಕಂದುಗಳನ್ನು ಒಂದೊಂದು ಹೆಗಲಿಗೇರಿಸಿಕೊಂಡು ಇಬ್ಬರೂ ಗೇಟು ದಾಟಿದರು. ರಸ್ತೆಯಂಚಿನಲ್ಲಿ ನಿಂತಿದ್ದ ದನದ ಮುಂದೆ ಹಾಕಿದರು.