ಶನಿವಾರದ ರಿಪೇರಿಯವರು

ಅವರ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಉದ್ದಕ್ಕೆ ಸೀಳಿಕೊಂಡಿತ್ತು. ಸೀಳಿನ ಎರಡೂ ಬದಿ ದಪ್ಪಗಾಗಿ, ಹಳದಿ ತಿರುಗಿ, ಒಂದೇ ಬೆರಳಿಗೆ ಎರಡು ಉಗುರು ಇದ್ದ ಹಾಗೆ ಕಾಣುತ್ತಿತ್ತು. ನಾಯಂಡಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಮೋಟರುಗಳಿಗೆ ತಾಮ್ರದ ತಂತಿ ಸುತ್ತಿದ ಬೆರಳು ಅದು. ಆ ಹೆಬ್ಬೆರಳಿನಿಂದಲೇ ಅವರು ನನ್ನ ಲ್ಯಾಪ್‌ಟಾಪಿನ ಒಂದು ಕೀಲಿಯನ್ನು ಟಕಟಕ ಬಡಿಯುತ್ತಿದ್ದರು. ಆನ್ ಆಗುವ ಹೊತ್ತಿಗೆ ಸರಿಯಾಗಿ ಒತ್ತದಿದ್ದರೆ ಸೆಟ್ಟಿಂಗಿನ ಪರದೆ ಬರುವುದಿಲ್ಲವಂತೆ.

ಅವರ ಹೆಸರು ನನಗೆ ಗೊತ್ತಿತ್ತು. ಆದರೆ ಕೆಳಗಿನ ಮನೆಯ ಓನರಮ್ಮ ಮೊದಲ ದಿನವೇ ‘ರಿಪೇರಿಯವರು’ ಅಂದುಬಿಟ್ಟರು, ನನ್ನ ಬಾಯಿಗೂ ಅದೇ ಹತ್ತಿತು. ಅವರು ನನ್ನನ್ನು ಕೊನೆಯವರೆಗೂ ಮೇಡಂ ಎಂದೇ ಕರೆದರು.

ನಾನು ಇರುವುದು ಕುರುಬರಹಳ್ಳಿಯ ಒಂದು ಮೊದಲ ಮಹಡಿಯಲ್ಲಿ. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನಿಲ್ಲ, ಹೇಳಿಕೊಳ್ಳುವಂಥ ಕತೆಯೂ ಇಲ್ಲ. ಅಕ್ಕನೂ ನಾನೂ ಒಟ್ಟಿಗಿದ್ದೆವು, ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದೆವು. ಅವಳು ಹೋದ ಮೇಲೆ ಜಗಳಕ್ಕೂ ಯಾರಿಲ್ಲ. ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಕನ್ನಡ ಟೈಪ್ ಮಾಡುತ್ತಿದ್ದೆ. ಪ್ರೆಸ್ಸು ಮುಚ್ಚಿದ ಮೇಲೆ ಮನೆಯಲ್ಲೇ ಲಗ್ನಪತ್ರಿಕೆ, ಥೀಸಿಸು, ಸಂಘಗಳ ವರದಿ ಅಂತ ಕೆಲಸ ಹಿಡಿದೆ. ಅದಕ್ಕಾಗಿ ಇದ್ದುದರಲ್ಲಿ ಅಗ್ಗದ್ದು ಅಂತ ಒಂದು ಪುಟ್ಟ ಲ್ಯಾಪ್‌ಟಾಪ್ ಕೊಂಡೆ. ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಎರಡು ವರ್ಷಕ್ಕೆ ಅದರ ಹೊಟ್ಟೆ ತುಂಬಿಹೋಯಿತು. ನಾನು ಏನೂ ತುಂಬಿಸಿರಲಿಲ್ಲ, ಅದೇ ಅಪ್‌ಡೇಟು ಅಪ್‌ಡೇಟು ಅಂತ ತನ್ನಷ್ಟಕ್ಕೆ ತಾನೇ ತಿಂದುಕೊಂಡಿತ್ತು. ಕೊನೆಗೆ ಒಂದು ಅಕ್ಷರ ಒತ್ತಿದರೆ ಅದು ಮೂಡುವಷ್ಟರಲ್ಲಿ ನಾನು ಒಲೆ ಮೇಲಿನ ಹಾಲು ಇಳಿಸಿ ಬರಬಹುದಿತ್ತು.

ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯವನು ಮುಚ್ಚಳ ತೆಗೆದು ನೋಡಿ, “ಇದು ವೇಸ್ಟ್ ಆಂಟಿ, ಹೊಸದು ತಗೊಂಡ್ಬಿಡಿ” ಎಂದ. ನನಗೆ ಅಳು ಬರುವುದರಲ್ಲಿತ್ತು. ಪಕ್ಕದ ಸ್ಟೂಲಿನ ಮೇಲೆ, ತೋಳು ಮಡಿಚಿದ ಬಿಳಿ ಅಂಗಿಯ ಹಿರಿಯರೊಬ್ಬರು ಚಾರ್ಜರಿಗಾಗಿ ಕಾಯುತ್ತಿದ್ದರು. “ಕೊಡಿ ಮೇಡಂ, ನೋಡೋಣ” ಎಂದರು. ತಿರುಗಿಸಿ, ತಳದಲ್ಲಿದ್ದ ಸಣ್ಣ ಅಕ್ಷರಗಳನ್ನು ಕನ್ನಡಕ ಎತ್ತಿ ಓದಿದರು. “ಇದರಲ್ಲಿರೋ ಭಾರದ ಸಾಫ್ಟ್‌ವೇರ್ ತೆಗೆದು ಹಗುರಾದ ಲಿನಕ್ಸ್ ಹಾಕಿದ್ರೆ ಓಡತ್ತೆ. ಶನಿವಾರ ನಿಮ್ಮನೆಗೆ ಬರ್ತೀನಿ” ಎಂದರು.

ನಿಮ್ಮ ಮನೆಗೇ ತಂದುಕೊಡುತ್ತೇನೆ ಎಂದೆ. ಬೇಡವೆಂದರು. “ಮನೆಗೆ ಮಿಷಿನ್ ತಂದಿಟ್ಕೊಂಡ್ರೆ ಮನೆ ತುಂಬಾ ಅದೇ ಆಗತ್ತೆ, ಜನಕ್ಕೆ ಕೂರಕ್ಕೆ ಜಾಗ ಇರಲ್ಲ.” ಆಮೇಲೆ ಗೊತ್ತಾಯಿತು, ಮಹಾಲಕ್ಷ್ಮಿ ಲೇಔಟಿನ ಅವರ ಒಂಟಿ ಕೋಣೆಗೆ ಬಂದು ಕೂರುವ ಜನ ಯಾರೂ ಇರಲಿಲ್ಲ. ಹೆಂಡತಿ ತೀರಿಕೊಂಡು ಹತ್ತು ವರ್ಷ. ಮಕ್ಕಳಿಲ್ಲ. ಕೆಂಗೇರಿಯಲ್ಲಿ ತಮ್ಮನ ಮಗಳೊಬ್ಬಳಿದ್ದಳು, ಹಬ್ಬಕ್ಕೆ ಕರೆಯುತ್ತಿದ್ದಳು. ವರ್ಕ್‌ಶಾಪ್ ಬಿಟ್ಟ ಮೇಲೆ, ಕೈ ಸುಮ್ಮನಿರಲಾರದೆ, ಅರವತ್ತನೇ ವಯಸ್ಸಿನಲ್ಲಿ ಫೋನಿನಲ್ಲಿ ನೋಡಿ ನೋಡಿ ಲಿನಕ್ಸ್ ಕಲಿತಿದ್ದರು.

ಒಂಟಿ ಹೆಂಗಸಿನ ಮನೆಗೆ ಗಂಡಸು ಬರುವುದಕ್ಕೆ ನಮ್ಮ ಕಡೆ ಒಂದು ಕಾರಣ ಬೇಕು. ಗ್ಯಾಸಿನವನು, ಕೇಬಲಿನವನು, ನೀರಿನ ಮೀಟರಿನವನು, ಇವರಿಗೆ ಅಡ್ಡಿಯಿಲ್ಲ. ರಿಪೇರಿಯವರಿಗೆ ಇದು ನನಗಿಂತ ಚೆನ್ನಾಗಿ ತಿಳಿದಿತ್ತು. ಗೇಟಿನ ಹತ್ತಿರವೇ ನಿಂತು, ಕೆಳಗಿನ ಮನೆಗೆ ಕೇಳುವಂತೆ, “ಮೇಡಂ, ಲ್ಯಾಪ್‌ಟಾಪ್ ರಿಪೇರಿ!” ಎಂದು ಕೂಗಿಯೇ ಮೆಟ್ಟಿಲು ಹತ್ತುತ್ತಿದ್ದರು. ಬಂದವರು ಬಾಗಿಲನ್ನು ಪೂರಾ ತೆಗೆದು, ಗಾಳಿಗೆ ಮುಚ್ಚಿಕೊಳ್ಳದಂತೆ ಒಂದು ಅರ್ಧ ಇಟ್ಟಿಗೆ ಅಡ್ಡ ಇಟ್ಟು, ಹೊಸ್ತಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಮೆಟ್ಟಿಲು ಹತ್ತಿ ಬಂದ ಯಾರಿಗಾದರೂ ಮೊದಲು ಕಾಣಬೇಕಾದ್ದು ಅವರ ಬೆನ್ನು ಮತ್ತು ತೊಡೆಯ ಮೇಲಿನ ಲ್ಯಾಪ್‌ಟಾಪು.

ಮೊದಲ ಮೂರು ಶನಿವಾರ ಲಿನಕ್ಸ್ ಒಳಗೇ ಹೋಗಲಿಲ್ಲ. ಪೆನ್‌ಡ್ರೈವ್ ಚುಚ್ಚಿದರೆ ಲ್ಯಾಪ್‌ಟಾಪು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವರದೊಂದು ಪದ್ಧತಿ ಇತ್ತು: ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದು ಸೆಟ್ಟಿಂಗ್ ಬದಲಿಸುವುದು, ಆಫ್ ಮಾಡುವುದು, ಆನ್ ಮಾಡುವುದು, ನೋಡುವುದು. ಆಗದಿದ್ದರೆ ಅದನ್ನು ಮೊದಲಿದ್ದ ಹಾಗೇ ಇಟ್ಟು ಮುಂದಿನದಕ್ಕೆ ಕೈ ಹಾಕುವುದು. ನನಗೋ ಮೂಗಿನ ತುದಿಯಲ್ಲಿ ಕೋಪ. “ಎಲ್ಲಾನೂ ಒಟ್ಟಿಗೆ ಬದಲಾಯಿಸ್ಬಾರ್ದಾ?” ಎಂದರೆ, “ಆಗ ಯಾವುದ್ರಿಂದ ಸರಿಹೋಯ್ತು ಅಂತ ಹೆಂಗೆ ಗೊತ್ತಾಗತ್ತೆ ಮೇಡಂ? ಆತುರ ಏನಿದೆ?” ಎನ್ನುತ್ತಿದ್ದರು.

ಆತುರ ನನಗಿತ್ತು, ಒಂದು ಥೀಸಿಸು ಅರ್ಧಕ್ಕೆ ನಿಂತಿತ್ತು. ಆದರೆ ಆ ಆಫ್ ಆನ್‌ಗಳ ನಡುವೆ ಎರಡೆರಡು ನಿಮಿಷ ಕಾಯಬೇಕಲ್ಲ, ಆಗ ಮಾತಾಡುತ್ತಿದ್ದೆವು. ಮಾತೆಂದರೆ ಮಹಾ ಮಾತೇನಲ್ಲ. ಬೇಳೆ ಬೇಯದಿರುವುದು, ನನ್ನ ಮಂಡಿ ನೋವು, ಅವರ ಹೆಂಡತಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳವಾಡುತ್ತಿದ್ದುದು. ಶನಿವಾರ ನಾನು ಎರಡು ಲೋಟ ಅಕ್ಕಿ ಇಡತೊಡಗಿದ್ದೆ. ನನ್ನ ಅಡುಗೆಗೆ ಉಪ್ಪು ಜಾಸ್ತಿ ಎಂದು ಮುಖಕ್ಕೇ ಹೇಳುತ್ತಿದ್ದರು, ಹೇಳಿ ಇನ್ನೊಂದು ಸಲ ಬಡಿಸಿಕೊಳ್ಳುತ್ತಿದ್ದರು.

ನಾಲ್ಕನೇ ಶನಿವಾರ ಮೆಟ್ಟಿಲಿನಿಂದಲೇ ನಗುತ್ತ ಬಂದರು. “ಸಿಕ್ತು ಮೇಡಂ! ಇದರ ತಲೆ ಅರವತ್ನಾಲ್ಕು ಬಿಟ್‌ನದು, ಆನ್ ಆಗೋ ಬಾಗ್ಲು ಮಾತ್ರ ಮೂವತ್ತೆರಡರದ್ದು. ಮನೆ ದೊಡ್ಡದು ಕಟ್ಟಿ ಬಾಗ್ಲು ಚಿಕ್ಕದು ಇಟ್ಟಿದಾರೆ. ಮಂಚ ಹೆಂಗೆ ಒಳಗೆ ಹೋಗತ್ತೆ ಹೇಳಿ?” ಆ ಚಿಕ್ಕ ಬಾಗಿಲಿಗೆ ಹೊಂದುವ ಒಂದೇ ಒಂದು ಸಣ್ಣ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದಿದ್ದರು. ಈ ಸಲ ಪರದೆ ಕಪ್ಪಗಾಗಿ, ಬಿಳಿ ಸಾಲುಗಳು ಸರಸರ ಓಡಿ, ನೀಲಿ ಬಣ್ಣ ಬಂತು. ಇಬ್ಬರೂ ಚಪ್ಪಾಳೆ ತಟ್ಟಿದೆವು. ಕೆಳಗಿನಿಂದ ಓನರಮ್ಮ, “ಏನಾಯ್ತ್ರೀ?” ಎಂದು ಕೂಗಿದರು.

ಲಿನಕ್ಸ್ ಬಂತು, ವೈಫೈ ಹೋಯಿತು. ಫೋನನ್ನು ವಯರಿನಿಂದ ಚುಚ್ಚಿ, ಅದರ ನೆಟ್ ಹಾಯಿಸಿ ವೈಫೈಗೆ ಬೇಕಾದ್ದನ್ನು ಇಳಿಸಿಕೊಂಡರು, ಅದಕ್ಕೆರಡು ಶನಿವಾರ. ಆಮೇಲೆ ಕನ್ನಡ. ನನ್ನ ಬೆರಳುಗಳು ಕಲಿತದ್ದು ಹಳೆಯ ಟೈಪ್‌ರೈಟರಿನ ಕೀಲಿ ಜೋಡಣೆ, ಬೇರೆ ಯಾವುದರಲ್ಲೂ ಅವು ಕುರುಡು. ಇದ್ದಬದ್ದ ಪಟ್ಟಿಯನ್ನೆಲ್ಲ ಜಾಲಾಡಿ ಅದನ್ನೇ ಹುಡುಕಿ ಕೊಟ್ಟರು. ನಾನು ನೋಡದೆಯೇ ಒಂದು ಸಾಲು ಹೊಡೆದೆ, ಒಂದು ತಪ್ಪಿಲ್ಲದೆ ಮೂಡಿತು. ಪ್ರೆಸ್ಸು ಮುಚ್ಚಿದ ಮೇಲೆ ಅಷ್ಟು ಸಂತೋಷ ನನಗೆ ಆಗಿರಲಿಲ್ಲ. ಕೊನೆಯದು ಶಬ್ದ. ಕಪ್ಪು ಕಿಟಕಿಯೊಂದರಲ್ಲಿ ಆದೇಶ ಟೈಪ್ ಮಾಡಿದರೆ ಶಬ್ದ ಏರಿಸಿ ಇಳಿಸುವ ಕಂಬಗಳು ಸಾಲಾಗಿ ನಿಲ್ಲುತ್ತವೆ, ಯಾವುದೋ ಒಂದು ಕಂಬದ ಬಾಯಿ ಮುಚ್ಚಿತ್ತು, ತೆರೆದರು. ಹೇಗೆಂದು ನನಗೂ ಕಲಿಸಿದರು. “ಇನ್ನು ನಾನು ಬೇಡ ನಿಮಗೆ” ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಮುಂದಿನ ಶನಿವಾರ ಅವರು ಬರಲಿಲ್ಲ. ಬರಬೇಕಾದ ಕಾರಣವೇ ಇರಲಿಲ್ಲವಲ್ಲ. ಎರಡು ಲೋಟ ಅಕ್ಕಿಯ ಅನ್ನ ಮಾಡಿ, ಉಳಿದದ್ದನ್ನು ಭಾನುವಾರ ಚಿತ್ರಾನ್ನ ಮಾಡಿಕೊಂಡು ತಿಂದೆ. ಅದರ ಮುಂದಿನ ಶನಿವಾರ ಏನು ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವರು ಕಲಿಸಿದ್ದ ಆದೇಶವನ್ನೇ ಟೈಪ್ ಮಾಡಿ, ಆ ಕಂಬದ ಬಾಯಿ ಮುಚ್ಚಿದೆ. ಫೋನ್ ಮಾಡಿ, “ಶಬ್ದ ಮತ್ತೆ ಹೋಯ್ತು” ಎಂದೆ.

ಅರ್ಧ ಗಂಟೆಯಲ್ಲಿ ಗೇಟಿನ ಹತ್ತಿರ ಕೂಗು ಕೇಳಿಸಿತು.

ಹೀಗೆ ಐದು ಸಲ ಮಾಡಿದೆ. ಒಮ್ಮೆ ವೈಫೈ ಕಿತ್ತು ಹಾಕಿದೆ, ಒಮ್ಮೆ ಕನ್ನಡದ ಜೋಡಣೆ ಅಳಿಸಿದೆ. ಹೊಟ್ಟೆಪಾಡಿನ ಯಂತ್ರವನ್ನು ಕೈಯಾರೆ ಕೆಡಿಸುತ್ತ ಕೂತ ನನ್ನಂಥ ದಡ್ಡಿ ಇನ್ನೊಬ್ಬಳಿರಲಿಕ್ಕಿಲ್ಲ. ಕೆಡಿಸುವುದಕ್ಕೂ ಕಪ್ಪು ಕಿಟಕಿಯಲ್ಲಿ ಆದೇಶ ಬರೆಯಬೇಕು, ತಪ್ಪಿಲ್ಲದೆ ಬರೆಯಬೇಕು. ಅವರು ಕಲಿಸಿದ್ದು ಅಷ್ಟು ಚೆನ್ನಾಗಿ ಬಂದಿತ್ತು ನನಗೆ. ಅವರು ಮಾತ್ರ ಪ್ರತಿಸಲವೂ ಮೊದಲಿನಷ್ಟೇ ನಿಧಾನವಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತ, ಊಟದ ಹೊತ್ತಿನವರೆಗೂ ಕೂರುತ್ತಿದ್ದರು.

ಐದನೇ ಸಲ, ನಾನು ಅಡುಗೆಮನೆಯಿಂದ ಟೀ ತರುತ್ತಿದ್ದೆ. ಅವರು ಕಪ್ಪು ಕಿಟಕಿ ತೆರೆದು, ಹಿಂದೆ ತಾವು ಬರೆದಿದ್ದ ಆದೇಶವೊಂದನ್ನು ಮತ್ತೆ ತರಲು ಮೇಲ್ಮುಖದ ಬಾಣದ ಕೀಲಿ ಒತ್ತಿದರು. ಒಂದೊಂದು ಸಲ ಒತ್ತಿದಾಗಲೂ ಹಿಂದಿನ ಒಂದೊಂದು ಆದೇಶ ಮೇಲೆ ಬರುತ್ತದೆ. ಆ ಕಿಟಕಿಯಲ್ಲಿ ಬರೆದದ್ದೆಲ್ಲ ಅಲ್ಲೇ ಉಳಿದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವತ್ತು ಬೆಳಿಗ್ಗೆ ನಾನು ಕೆಡಿಸಿದ್ದು ಬಂತು. ಒತ್ತುತ್ತ ಹೋದರು, ಅವರು ಸರಿಪಡಿಸಿದ್ದರ ಹಿಂದೆ ಹೋದ ವಾರ ನಾನು ಕೆಡಿಸಿದ್ದು. ಇನ್ನೂ ಒತ್ತಿದರು, ಅದರ ಹಿಂದಿನ ವಾರದ್ದು. ನಾನು ಟೀ ಲೋಟ ಹಿಡಿದು ಅವರ ಬೆನ್ನ ಹಿಂದೆ ನಿಂತು ಎಲ್ಲವನ್ನೂ ಓದಿದೆ.

ಅವರು ಕಿಟಕಿ ಮುಚ್ಚಿದರು. ಟೀ ತೆಗೆದುಕೊಂಡು ಪೂರ್ತಿ ಕುಡಿದರು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು: “ಕೆಡದೇ ಇದ್ರೂ ಬರ್ತೀನಿ ಮೇಡಂ. ಫೋನ್ ಮಾಡಿ ಬನ್ನಿ ಅನ್ನಿ, ಸಾಕು.”

ಅಷ್ಟು ಮರ್ಯಾದೆಯಿಂದ ಹೇಳಿದ ಮಾತಿಗೆ ನಾನು ಕೊಟ್ಟ ಉತ್ತರವನ್ನು ಮರೆಯಲು ಎಷ್ಟು ಪ್ರಯತ್ನಿಸಿದರೂ ಆಗಿಲ್ಲ. ಸಿಕ್ಕಿಬಿದ್ದ ಸಿಟ್ಟಿಗೆ, “ಸುಮ್‌ಸುಮ್ನೆ ಬಂದು ಕೂತ್ಕೊಂಡ್ರೆ ಕೆಳಗಡೆಯವರು ಏನಂದ್ಕೋತಾರೆ?” ಎಂದುಬಿಟ್ಟೆ.

“ಹೌದು, ಅದೂ ನಿಜಾನೇ” ಎಂದರು. ಇಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಮಾಡಿ ಇಳಿದು ಹೋದರು. ಊಟ ಮಾಡಲಿಲ್ಲ.

ಎರಡು ತಿಂಗಳು ನಾನು ಫೋನ್ ಮಾಡಲಿಲ್ಲ. ಪ್ರತಿ ಶನಿವಾರ ಫೋನ್ ಕೈಗೆ ತೆಗೆದುಕೊಂಡು ಅವರ ನಂಬರಿನವರೆಗೆ ಹೋಗಿ ಬಿಡುತ್ತಿದ್ದೆ. ಲ್ಯಾಪ್‌ಟಾಪ್ ಒಂದು ದಿನವೂ ಕೆಡಲಿಲ್ಲ. ಕೆಟ್ಟಿದ್ದರೆ ಎಷ್ಟು ಸುಲಭವಾಗುತ್ತಿತ್ತು! ಬನ್ನಿ ಎನ್ನುವುದು ಎಷ್ಟು ಹೊತ್ತಿನ ಮಾತು? ದಿನಕ್ಕೆ ನೂರು ಸಲ ‘ಸುಖಾಗಮನ ಬಯಸುವವರು’ ಎಂದು ಲಗ್ನಪತ್ರಿಕೆಗಳಲ್ಲಿ ಟೈಪ್ ಮಾಡುವವಳು ನಾನು. ನನ್ನ ಮನೆಗೆ ಒಬ್ಬರನ್ನು ಬನ್ನಿ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ. ಕೆಳಗಡೆಯವರ ಭಯ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಓನರಮ್ಮ ಒಮ್ಮೆ ತಾವಾಗಿಯೇ, “ರಿಪೇರಿಯವರು ಬರ್ಲೇ ಇಲ್ವಲ್ರೀ, ಪಾಪ, ಹುಷಾರಿಲ್ವೇನೋ ಕೇಳಿ” ಎಂದಿದ್ದರು. ಆಗಲೂ ಕೇಳಲಿಲ್ಲ.

ಕೊನೆಗೊಂದು ಬುಧವಾರ ಬೆಳಿಗ್ಗೆ, ಶನಿವಾರದವರೆಗೆ ಕಾದರೆ ಮತ್ತೆ ಧೈರ್ಯ ಹೋದೀತೆಂದು, ತರಕಾರಿ ಹೆಚ್ಚುವುದನ್ನು ಅರ್ಧಕ್ಕೆ ಬಿಟ್ಟು ಫೋನ್ ಮಾಡಿದೆ. ಎತ್ತಿದ್ದು ಹೆಣ್ಣು ಧ್ವನಿ, ಕೆಂಗೇರಿಯ ತಮ್ಮನ ಮಗಳು. “ದೊಡ್ಡಪ್ಪ ಹೋಗ್ಬಿಟ್ರು ಆಂಟಿ. ಇವತ್ತಿಗೆ ಒಂಬತ್ತು ದಿನ. ನಿದ್ದೇಲೇ ಹೋಗಿದಾರೆ, ಮಾರನೇ ದಿನ ಪಕ್ಕದ್ಮನೆಯವರು ನೋಡಿದ್ದು. ನಾಡಿದ್ದು ನಮ್ಮನೇಲಿ ತಿಥಿ ಇಟ್ಕೊಂಡಿದೀವಿ. ಬನ್ನಿ.”

ಗುರುತೇ ಇಲ್ಲದ ಹುಡುಗಿ ಅಷ್ಟು ಸಲೀಸಾಗಿ ಹೇಳಿದಳು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಜೋರಾಗಿ ಅತ್ತೆ.

ಶುಕ್ರವಾರ ಮೆಟ್ರೋ ಹಿಡಿದು ಕೆಂಗೇರಿಗೆ ಹೋದೆ. ಶಾಮಿಯಾನದ ಕೆಳಗೆ ಇಪ್ಪತ್ತು ಮೂವತ್ತು ಜನ, ಹೂವಿನ ಹಾರದೊಳಗೆ ಅವರ ಹಳೆಯ ಫೋಟೋ, ಇನ್ನೂ ಕರಿಕೂದಲಿದ್ದಾಗಿನದು. ಆ ಹುಡುಗಿ ಒಳ್ಳೆಯವಳು. ಬಾಗಿಲವರೆಗೆ ಬಂದು ಕೈ ಹಿಡಿದುಕೊಂಡಳು. “ದೊಡ್ಡಪ್ಪಂಗೆ ಹೆಂಗೆ ಪರಿಚಯ ಆಂಟಿ? ಅವರಿಗೆ ಅಲ್ಲಿ ಯಾರೂ ಇರಲಿಲ್ಲ ಅಂದ್ಕೊಂಡಿದ್ವಿ” ಎಂದು ಕೇಳಿದಳು. ಸುತ್ತ ಕೂತಿದ್ದವರೆಲ್ಲ ನನ್ನ ಮುಖ ನೋಡಿದರು.

“ನನ್ನ ಲ್ಯಾಪ್‌ಟಾಪ್ ರಿಪೇರಿ ಮಾಡ್ತಿದ್ರು” ಎಂದೆ.

“ಓ, ಹಂಗಾ” ಎಂದಳು. “ಸರಿ ಬನ್ನಿ, ಊಟ ಮಾಡ್ಕೊಂಡು ಹೋಗಿ.”

ಎಲೆಯ ಮುಂದೆ ಕೂತೆ. ಎದ್ದು ಹೋಗಿ ಆ ಹುಡುಗಿಯ ಕೈ ಹಿಡಿದು ಸರಿಯಾಗಿ ಹೇಳಿಬಿಡೋಣ ಎನ್ನಿಸಿತು. ಅವಳು ಯಾರಿಗೋ ಪಾಯಸ ಬಡಿಸುತ್ತಿದ್ದಳು. ಹೇಳದೆಯೇ ಬಂದೆ.

ಅವರು ಕೊಟ್ಟ ಕನ್ನಡದ ಕೀಲಿಗಳಲ್ಲೇ ಇದನ್ನು ಟೈಪ್ ಮಾಡುತ್ತಿದ್ದೇನೆ. ಇದರ ಒಂದು ಪ್ರತಿಯನ್ನು ಕೆಂಗೇರಿಗೆ ಕಳಿಸುತ್ತೇನೆ. ನೋಡಮ್ಮ, ಅವತ್ತು ನಾನು ಸುಳ್ಳು ಹೇಳಿದೆ. ಅವರು ನಿಜವಾಗಿ ರಿಪೇರಿ ಮಾಡಿದ್ದು ಮೊದಲ ಎರಡು ತಿಂಗಳು ಮಾತ್ರ. ಆಮೇಲೆ ನಿಮ್ಮ ದೊಡ್ಡಪ್ಪ ನನ್ನ ಮನೆಗೆ ಬರುತ್ತಿದ್ದರು, ಅಷ್ಟೆ. ಅವರು ನನ್ನ ಸ್ನೇಹಿತರು.