ಮೈಮೇಲೆ ಎಸೆದ ಚೆಂಡು

ಬೇಸ್‌ಬಾಲ್‌ನಲ್ಲಿ ಮೈದಾನದ ನಡುವೆ ನಿಂತು ಚೆಂಡು ಎಸೆಯುವವಳು ನಾನು. ಆ ಎಸೆತದಿಂದಲೇ ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ನೌಕರಿ ಸಿಕ್ಕಿತ್ತು. ಮುಂಜಾನೆ ಅಭ್ಯಾಸ, ಮಧ್ಯಾಹ್ನ ಹಾಜರಿ ಪುಸ್ತಕದಲ್ಲಿ ಸಹಿ. ಬ್ಯಾಟು ಹಿಡಿದವಳು ಬೆದರಿ ಹಿಂದೆ ಸರಿದರೆ ನನಗೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಆ ದಿನ ಧಾರವಾಡದಲ್ಲಿ ಪಂದ್ಯವಿತ್ತು. ಎದುರಿನ ತಂಡದಲ್ಲಿ ಒಬ್ಬ ಎತ್ತರದ ಹುಡುಗಿ. ಅವಳ ತಾಯಿಗೆ ಅಮರಗೋಳದ ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿ ವ್ಯಾಪಾರ. ನನ್ನ ಎರಡು ಚೆಂಡುಗಳನ್ನು ಅವಳು ಬೇಲಿ ದಾಟಿಸಿದ್ದಳು. ಮೂರನೇ ಸಲ ಅವಳು ಬ್ಯಾಟು ಹಿಡಿದು ಬರುವಾಗ ನಮ್ಮ ತರಬೇತುದಾರರು ನನ್ನ ಹತ್ತಿರ ಬಂದು ಬಾಯಿಗೆ ಕೈ ಅಡ್ಡ ಹಿಡಿದರು.

“ಅಕಿ ಚೆಂಡು ಬರೋ ದಾರಿಗೆ ಭಾಳ ಸಮೀಪ ನಿಂದರಾಕತ್ತಾಳ. ಒಂದು ಮೈಮ್ಯಾಲೆ ಒಗಿ. ಹೆದರ್ಲಿ.”

“ಹೂಂರಿ ಸರ್” ಎಂದೆ.

ಅವರು ಮೈಮೇಲೆ ಎಂದಿದ್ದರು. ನಾನು ಮುಖಕ್ಕೆ ಎಸೆದೆ. ಒಣ ಕಟ್ಟಿಗೆ ಮುರಿದ ಸದ್ದು ಬಂತು. ಅವಳು ಮೊಣಕಾಲೂರಿ ಕುಸಿದಳು. ರಕ್ತದ ಜೊತೆ ಎರಡು ಹಲ್ಲು ಮಣ್ಣಿಗೆ ಬಿದ್ದವು. ನನ್ನ ತಂಡದವರಲ್ಲಿ ಯಾರೋ ಚಪ್ಪಾಳೆ ಹೊಡೆದರು. ಅಷ್ಟರಲ್ಲಿ ಅವಳು ಎದ್ದಳು. ಬ್ಯಾಟು ಹಿಡಿದುಕೊಂಡೇ ನನ್ನ ಕಡೆ ಓಡಿ ಬಂದಳು. ತಲೆ ಕಾಯ್ದುಕೊಳ್ಳಲು ನಾನು ಬಲಗೈ ಎತ್ತಿದೆ. ಏಟು ಮೊಣಕೈಗೆ ಬಿತ್ತು. ಆಮೇಲೆ ಎರಡೂ ತಂಡಗಳು ಒಂದರ ಮೇಲೊಂದು ಬಿದ್ದವು. ಕೂದಲು ಜಗ್ಗಿದರು, ಒದ್ದರು. ನೋಡಲು ಬಂದವರು ಕುರ್ಚಿ ಎಸೆದರು.

ಆಸ್ಪತ್ರೆಯಲ್ಲಿ ಇಬ್ಬರನ್ನೂ ಒಂದೇ ವಾರ್ಡಿಗೆ ಹಾಕಿದ್ದರು. ಅವಳ ದವಡೆಯನ್ನು ತಂತಿಯಿಂದ ಬಿಗಿದಿದ್ದರು. ಅವಳ ತಾಯಿ ನೇರವಾಗಿ ನನ್ನ ಹಾಸಿಗೆಗೆ ಬಂದು ಕಪಾಳಕ್ಕೆ ಬಾರಿಸಿದರು.

“ನನ್ನ ಮಗಳ ಮಾರಿ ಏನ್ ಮಾಡಿದಿ ನೋಡ!”

ಮರುದಿನ ಅವಳು ಒಂದು ಚೀಟಿ ಬರೆದು ನರ್ಸ್ ಕೈಯಲ್ಲಿ ಕಳಿಸಿದಳು. ‘ಬೇಕಂತಲೇ ಹಾಕಿದಿ?’ ನಾನು ಅವಳ ಕಡೆ ನೋಡಿ ಹೌದೆಂದು ತಲೆಯಾಡಿಸಿದೆ. ಅವಳು ಗೋಡೆಯ ಕಡೆ ಹೊರಳಿದಳು.

ತಿಂಗಳ ನಂತರ ಕ್ರೀಡಾ ಸಂಸ್ಥೆಯಲ್ಲಿ ವಿಚಾರಣೆ ನಡೆಯಿತು. ತರಬೇತುದಾರರು ನನ್ನ ಪಕ್ಕದಲ್ಲೇ ಕೂತಿದ್ದರು. ಖರೇ ಹೇಳಬೇಕೆಂದೇ ಹೋಗಿದ್ದೆ. ಅಧಿಕಾರಿ ಕೇಳಿದಾಗ ಬಾಯಿಂದ ಬಂದದ್ದು ಬೇರೆ: “ಕೈ ಜಾರಿತ್ರಿ.” ಅವಳಿಗೆ ಇನ್ನೂ ಮಾತಾಡಲು ಬರುತ್ತಿರಲಿಲ್ಲ. ಅಂಗೈಯಿಂದ ಮೇಜಿಗೆ ಬಡಿದಳು, ಮತ್ತೆ ಬಡಿದಳು. ಬ್ಯಾಟು ಬೀಸಿದ ತಪ್ಪಿಗೆ ಅವಳನ್ನು ಆಟದಿಂದ ಹೊರಗಿಟ್ಟರು. ನನಗೆ ಎಲ್ಲರೂ ಅಯ್ಯೋ ಪಾಪ ಎಂದರು.

ನನ್ನ ಮೊಣಕೈ ನೆಟ್ಟಗಾಗಲಿಲ್ಲ, ಬಲಗೈಯಲ್ಲಿ ಬರೆಯಲೂ ಆಗುತ್ತಿರಲಿಲ್ಲ. ಆಟ ಮುಗಿಯಿತು. ಕಚೇರಿಯ ಕುರ್ಚಿಯಲ್ಲಿ ಕೂತು ಒಂದು ವರ್ಷ ಕಳೆದ ಮೇಲೆ ಅಮರಗೋಳಕ್ಕೆ ಹೋದೆ. ಅವಳು ಉಳ್ಳಾಗಡ್ಡಿ ಆರಿಸುತ್ತಿದ್ದಳು. ದವಡೆ ಒಂದು ಕಡೆಗೆ ಸ್ವಲ್ಪ ವಾಲಿತ್ತು.

“ತಪ್ಪಾತು” ಎಂದೆ.

“ನನಗ್ಯಾಕ ಹೇಳ್ತಿ? ಅಲ್ಲೆ ಹೇಳಬೇಕಿತ್ತು.”

ನಾನು ತಿರುಗಿ ಹೊರಟೆ. ಬೆನ್ನಿಗೆ ಒಂದು ಉಳ್ಳಾಗಡ್ಡಿ ಬಂದು ಬಡಿಯಿತು. ಇನ್ನೊಂದು ಕುತ್ತಿಗೆಗೆ ಬಿತ್ತು. ಅವಳ ತಾಯಿ “ಸಾಕು ಬಿಡವಾ” ಎನ್ನುವವರೆಗೂ ಅವಳು ನಿಲ್ಲಿಸಲಿಲ್ಲ. ನಾನೂ ಓಡಲಿಲ್ಲ.

ಆ ವಾರವೇ ಎಡಗೈಯಲ್ಲಿ, ಸೊಟ್ಟ ಅಕ್ಷರದಲ್ಲಿ, ನಡೆದದ್ದೆಲ್ಲ ಆ ವಿಚಾರಣೆಯ ಅಧಿಕಾರಿಗೆ ಬರೆದು ಕೊಟ್ಟೆ. ತರಬೇತುದಾರರನ್ನು ತೆಗೆದರು. ಸುಳ್ಳು ಹೇಳಿದ್ದಕ್ಕೆ ನನಗೆ ನೋಟಿಸು ಬಂತು. ಅವಳನ್ನು ಮತ್ತೆ ಆಟಕ್ಕೆ ಸೇರಿಸಿಕೊಂಡರು.

ಅವಳ ಮೊದಲ ಪಂದ್ಯಕ್ಕೆ ಹೇಳದೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಎಸೆಯುವವಳು ಯಾರೋ ಹೊಸಬಳು, ಅಂಥ ವೇಗವೂ ಇರಲಿಲ್ಲ. ಚೆಂಡು ಆ ಹೊಸಬಳ ಕೈ ಬಿಡುವ ಮೊದಲೇ, ಬ್ಯಾಟು ಹಿಡಿದು ನಿಂತ ಅವಳ ಕಾಲು ಹಿಂದಕ್ಕೆ ಹೋಯಿತು. ಮುಂದಿನದಕ್ಕೂ ಹಾಗೇ ಆಯಿತು. ಮೂರನೆಯದಕ್ಕೆ ಅವಳು ಕಣ್ಣು ಮುಚ್ಚಿ ಬ್ಯಾಟು ಬೀಸಿದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು.